ಮೊದಲು ಬಿರಡೆಯನ್ನು ನೋಡು

ವಾರ್ಷಿಕ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಶಾಲೆಯಿಂದ ಅಪ್ಪಣೆ ಬಂದಾಗ, ಹೇಳಿಕೊಳ್ಳುವಂಥ ಸಾಧನೆಯಾವುದೂ ಇಲ್ಲದ ನಾನು ಹಿಂಜರಿದೆನು. ಬಳ್ಳಾರಿ ನಗರದ ಒಂದು ವಾಹನ ಹೊಗೆ ತಪಾಸಣಾ ಕೇಂದ್ರದಲ್ಲಿ ನನ್ನ ಕೆಲಸ. ಜನರ ಬಾಯಲ್ಲಿ ಇದು ಎಮಿಷನ್ ಟೆಸ್ಟ್. ಅಲ್ಲಿ ನನ್ನಿಂದಾದ ಒಂದು ತಪ್ಪನ್ನೇ ಇಲ್ಲಿ ನಿವೇದಿಸುತ್ತೇನೆ.

ಪೆಟ್ರೋಲ್ ವಾಹನದ ಹೊಗೆಕೊಳವೆಗೆ ಸಲಾಕೆಯಂತಹ ನಳಿಗೆಯನ್ನು ತೂರಿಸಿದರೆ, ಪಂಪು ಹೊಗೆಯನ್ನು ರಬ್ಬರ್ ಕೊಳವೆಯ ಮೂಲಕ ಎಳೆದು, ಫಿಲ್ಟರಿನಲ್ಲಿ ಸೋಸಿ, ಅನಿಲ ವಿಶ್ಲೇಷಕಕ್ಕೆ ಒಯ್ಯುತ್ತದೆ. ಒಳಗೆ ಅವಕೆಂಪು ಕಿರಣಗಳು ಹಾಯುತ್ತವೆ. ಕಾರ್ಬನ್ ಮೊನಾಕ್ಸೈಡ್ ಎಷ್ಟು ಕಿರಣವನ್ನು ಹೀರಿತೆಂಬುದರಿಂದ ಅದರ ಪ್ರಮಾಣ ತಿಳಿಯುತ್ತದೆ. 1938ರಲ್ಲಿ ಜರ್ಮನಿಯ ಲೆಹ್ರರ್ ಮತ್ತು ಲುಫ್ಟ್ ಎಂಬವರು ರೂಪಿಸಿದ ವಿಧಾನವಿದು. ಲುಫ್ಟ್ ಎಂದರೆ ಜರ್ಮನ್ ಭಾಷೆಯಲ್ಲಿ ಗಾಳಿ. ನನ್ನನ್ನು ವಂಚಿಸಿದುದೂ ಗಾಳಿಯೇ.

ಒಂದು ದಿನ ಸಿರುಗುಪ್ಪದ ಕಡೆಯ ಭತ್ತದ ರೈತರೊಬ್ಬರು ತಮ್ಮ ಹಳೆಯ ಮೋಟಾರ್ ಸೈಕಲ್ ತಂದರು. ಯಂತ್ರವು ಕಾರ್ಬನ್ ಮೊನಾಕ್ಸೈಡ್ ಶೇಕಡಾ 2.1 ಎಂದು ತೋರಿಸಿತು. 2000ದ ಮಾರ್ಚ್ ಬಳಿಕ ತಯಾರಾದ ಅಂತಹ ಹಳೆಯ ಬಂಡಿಗೆ ಮಿತಿ 3.5. ನಾನು ಪ್ರಮಾಣಪತ್ರ ಮುದ್ರಿಸಹೊರಟಾಗ ಅವರು ನಕ್ಕು, “ಸಾರ್, ನನ್ನ ಗಾಡಿ ಅಷ್ಟು ಚಲೋ ಇಲ್ರಿ. ನಿಮ್ಮ ಮಷೀನ್ ಒಂದ್ಸಲ ನೋಡ್ರಿ” ಎಂದರು.

ಆಗ ನಾನು ಆಮ್ಲಜನಕದ ಅಂಕಿಯತ್ತ ಕಣ್ಣು ಹಾಯಿಸಿದೆನು. ಸುಮಾರು 11 ಇತ್ತು! ಬಯಲ ಗಾಳಿಯಲ್ಲಿ ಅದು ಶೇಕಡಾ 20.9, ಇಂತಹ ಎಂಜಿನ್ನಿನ ಹೊಗೆಯಲ್ಲಿ ಒಂದೆರಡಕ್ಕಿಂತ ಹೆಚ್ಚು ಇರಲಾರದು. ಎಂದರೆ ಯಂತ್ರವು ಅರ್ಧ ಹೊಗೆಯನ್ನೂ ಅರ್ಧ ಗಾಳಿಯನ್ನೂ ಕುಡಿಯುತ್ತಿತ್ತು.

ನಳಿಗೆಯ ತುದಿಗೆ ರಬ್ಬರ್ ಟೊಪ್ಪಿಗೆ ಹಾಕಿ ಪಂಪು ಓಡಿಸಿದೆನು. ಎಲ್ಲವೂ ಬಿಗಿಯಾಗಿದ್ದರೆ ಹರಿವನ್ನು ತೋರಿಸುವ ಗುಂಡು ತಳಕ್ಕೆ ಇಳಿಯಬೇಕು. ಅದು ಕುಣಿಯುತ್ತಲೇ ಇತ್ತು. ಸೋರುವ ಕಡೆ ಸಾಬೂನು ನೀರು ಹಚ್ಚುವುದು ವಾಡಿಕೆ. ಆದರೆ ಎಳೆಯುವ ಕೊಳವೆಯಲ್ಲಿ ಗುಳ್ಳೆ ಏಳುವುದಿಲ್ಲ. ನೀರೇ ಯಂತ್ರದೊಳಕ್ಕೆ ಹೋಗುತ್ತದೆ. ಆದ್ದರಿಂದ ಯಂತ್ರದ ಬಾಯಿಯಿಂದ ಆರಂಭಿಸಿ ಕೊಳವೆಯನ್ನು ಬೆರಳಿನಿಂದ ಹಿಸುಕುತ್ತ ಬಂದೆನು. ಯಂತ್ರದ ಬಳಿ ಹಿಸುಕಿದಾಗ ಗುಂಡು ಇಳಿಯಿತು; ಫಿಲ್ಟರಿನ ಆಚೆ ಹಿಸುಕಿದಾಗ ಇಳಿಯಲಿಲ್ಲ. ನಡುವಣ ತುಂಡು ಕೊಳವೆಯಲ್ಲಿ ಕೂದಲೆಳೆಯಂತಹ ಬಿರುಕಿತ್ತು.

ಬಿರುಕು ಇಷ್ಟು ಕೇಡು ಮಾಡಿದ್ದಕ್ಕೆ ಫಿಲ್ಟರೂ ಕಾರಣ. ಹೊಗೆಯ ಮಸಿ, ತೇವ, ಜೊತೆಗೆ ನಮ್ಮೂರಿನ ಕೆಂಪು ಧೂಳು ಅದನ್ನು ಕಟ್ಟಿಹಾಕಿದ್ದವು. ದಾರಿ ಮುಚ್ಚಿದಂತೆ ಪಂಪಿನ ಎಳೆತ ಬಿರುಕಿನ ಮೇಲೆ ಬಿದ್ದು, ಗಾಳಿ ಒಳನುಗ್ಗುತ್ತಿತ್ತು. ಕೊಳವೆ, ಫಿಲ್ಟರ್ ಎರಡನ್ನೂ ಬದಲಿಸಿದ ಮೇಲೆ ಅದೇ ಬಂಡಿ 4.2 ತೋರಿಸಿತು. “ಈಗ ಖರೇ ಹೇಳ್ತು” ಎಂದು ರೈತರು ಮೆಕ್ಯಾನಿಕ್‌ನಲ್ಲಿಗೆ ನಡೆದರು.

ನನ್ನ ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ. ದಾಖಲೆಗಳನ್ನು ತೆಗೆದು ನೋಡಲು, ಆಮ್ಲಜನಕದ ಅಂಕಿ ಆರು ದಿನಗಳಿಂದಲೇ ಏರತೊಡಗಿತ್ತು. ದಿನವೂ ಬೆಳಿಗ್ಗೆ ಮಾಡಬೇಕಾದ ಸೋರಿಕೆ ಪರೀಕ್ಷೆಯನ್ನು ನಾನು ಅವಸರದಲ್ಲಿ ಬಿಟ್ಟಿದ್ದೆನು. ಯಂತ್ರ ಕೆಟ್ಟು ವಾಹನಗಳನ್ನು ತಿರಸ್ಕರಿಸಿದ್ದರೆ ಮೊದಲ ದಿನವೇ ಜಗಳವಾಗುತ್ತಿತ್ತು. ಎಲ್ಲರನ್ನೂ ಉತ್ತೀರ್ಣಗೊಳಿಸುವ ಯಂತ್ರವನ್ನು ಯಾರು ತಾನೇ ದೂರುವರು?

ಮಾಲೀಕರನ್ನು ಒಪ್ಪಿಸಿ, ಆ ವಾಹನಗಳವರಿಗೆಲ್ಲ ದೂರವಾಣಿ ಮಾಡಿ, ಶುಲ್ಕವಿಲ್ಲದೆ ಮರುಪರೀಕ್ಷೆಗೆ ಕರೆದೆನು. ಕೆಲವರು ಬರಲೇ ಇಲ್ಲ. ಕುರುಗೋಡಿನ ಆಟೋ ಚಾಲಕರೊಬ್ಬರು ಬಂದರು; ವಾಹನ ಅನುತ್ತೀರ್ಣವಾಯಿತು. ಅಂದಿನ ದುಡಿಮೆ ಹೋಯಿತೆಂದು ಅವರು ನನ್ನನ್ನು ಬೈದದ್ದು ನ್ಯಾಯವೇ. ಆದರೆ ಆ ಆಟೋದಲ್ಲಿ ನಿತ್ಯ ಶಾಲೆಯ ಮಕ್ಕಳು ಕೂರುತ್ತಿದ್ದರು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ಎರಡು ದಿನಗಳ ಅನಂತರ ಅವರು ಕಾರ್ಬುರೇಟರ್ ಸರಿಪಡಿಸಿಕೊಂಡು ಬಂದು, ಮಾತಿಲ್ಲದೆ ಹೊಸ ಪತ್ರ ಪಡೆದು ಹೋದರು.

ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಆಮ್ಲಜನಕ ತಯಾರಿಸುವ ದಿನ, ನಾವು ದೀಪ ಹಚ್ಚಲು ಆತುರಪಟ್ಟಾಗ ವಿಜ್ಞಾನದ ಮೇಷ್ಟ್ರು ತಡೆದು, “ಮೊದಲು ಬಿರಡೆಯನ್ನು ನೋಡು” ಎನ್ನುತ್ತಿದ್ದರು. ಅಂದು ಅದು ಕಿರಿಕಿರಿಯೆನಿಸಿತ್ತು. ಈಗ ಪ್ರತಿದಿನ ಬೆಳಿಗ್ಗೆ ಮೊದಲ ವಾಹನ ಬರುವ ಮುನ್ನ ನಳಿಗೆಗೆ ಟೊಪ್ಪಿಗೆ ಹಾಕಿ, ಗುಂಡು ತಳಕ್ಕಿಳಿಯುವವರೆಗೆ ಕಾಯುತ್ತೇನೆ. ಗುರುಗಳಿಗೆ ನಾನು ಸಲ್ಲಿಸಬಲ್ಲ ವಂದನೆ ಇಷ್ಟೇ.