ಹುಲ್ಲು ಹೊಸೆದು ಹೊಳೆ ದಾಟುವವರು

ಪೆರು ದೇಶದ ಕುಸ್ಕೊ ನಗರ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ವಸತಿಗೃಹದ ಎರಡನೇ ಮಹಡಿಗೆ ಹತ್ತುವಷ್ಟರಲ್ಲಿ ಏದುಸಿರು ಬಂದು ಮೆಟ್ಟಿಲ ಮೇಲೇ ಕುಳಿತುಬಿಡುತ್ತೇನೆ. ಮನೆಯೊಡತಿ ನಗುತ್ತ ಕೋಕಾ ಎಲೆ ಕುದಿಸಿದ ನೀರು ತಂದುಕೊಡುತ್ತಾರೆ. ತಲೆನೋವು ಇಳಿದದ್ದು ಎಲೆಯಿಂದಲೋ ಆ ನಗುವಿನಿಂದಲೋ!

ಬೆಳಗಿನ ಜಾವ ದಕ್ಷಿಣಕ್ಕೆ ಹೊರಟ ವ್ಯಾನು ಬಿಸಿಲೇರುವ ಹೊತ್ತಿಗೆ ಮರಗಳನ್ನೆಲ್ಲ ಹಿಂದೆ ಬಿಟ್ಟಿದೆ. ಕಣ್ಣು ಹಾಯುವಷ್ಟು ದೂರ ಒರಟು ಹಳದಿ ಹುಲ್ಲು. ನಾನು ಇಷ್ಟು ದೂರ ಬಂದಿರುವುದು ಆ ಹುಲ್ಲಿಗಾಗಿಯೇ. ಅಪುರಿಮಾಕ್ ನದಿಯ ಕಮರಿಗೆ ಅಡ್ಡವಾಗಿ ಕೆಚುವಾ ಜನ ಪ್ರತಿ ಜೂನ್‌ನಲ್ಲೂ ಹುಲ್ಲಿನ ತೂಗುಸೇತುವೆ ಕಟ್ಟುತ್ತಾರೆ. ಅದೇ ಕೆಸ್ವಚಾಕ.

ಇಳಿಜಾರಿನಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಕಲ್ಲಿನಿಂದ ಜಜ್ಜಿ ನೆನೆಸಿದ ಹುಲ್ಲು ಅಂಗೈಗಳ ನಡುವೆ ಸರಸರನೆ ಹುರಿಯಾಗುತ್ತದೆ. ಮನೆಮನೆಯಿಂದ ಬಂದ ಹುರಿಗಳನ್ನು ಗಂಡಸರು ಸೇರಿಸಿ ಹೊಸೆದು, ತೊಡೆಗಾತ್ರದ ಹಗ್ಗ ಮಾಡುತ್ತಾರೆ. ನಾಲ್ಕು ಊರುಗಳು ಕೈಸೇರಿಸುವ ಈ ಕೆಲಸಕ್ಕೆ ಕೂಲಿ ಎಂಬುದಿಲ್ಲ. ನಮ್ಮ ಹಳ್ಳಿಗಳಲ್ಲಿ ನಾಟಿ-ಕೊಯ್ಲಿಗೆ ಮುಯ್ಯಾಳು ಕೂಡುತ್ತಿದ್ದರಲ್ಲ, ಹಾಗೆ. ಆದರೆ ಸಂಪ್ರದಾಯದ ಪ್ರಕಾರ ಸೇತುವೆ ನೇಯುವಲ್ಲಿಗೆ ಹೆಂಗಸರು ಬರುವಂತಿಲ್ಲ. ಹುರಿ ಹೊಸೆಯಲು ಅವರು ಬೇಕು, ಸೇತುವೆಯ ಬಳಿ ಬೇಡವಂತೆ! ಈ ನ್ಯಾಯ ಮಾತ್ರ ನನಗೆ ಹಿಡಿಸಲಿಲ್ಲ.

ಪೂಜಾರಿ ಪಚಮಾಮಳಿಗೆ, ಅಂದರೆ ಭೂತಾಯಿಗೆ, ಕೋಕಾ ಎಲೆ ಅರ್ಪಿಸುತ್ತಾನೆ. ಹಳೆಯ ಸೇತುವೆಯನ್ನು ಕಡಿದು ಹೊಳೆಗೆ ಬಿಡುತ್ತಾರೆ. ಎರಡು ದಡದವರೂ ಕೂಗು ಹಾಕುತ್ತ ಹಗ್ಗ ಜಗ್ಗುತ್ತಾರೆ. ನೆಲಕ್ಕೆ ನಾಲ್ಕು, ಹಿಡಿಗೆ ಎರಡು. ಆಮೇಲೆ ನುರಿತವರು ಆ ಹಗ್ಗಗಳ ಮೇಲೇ ಕೂತು, ಕಾಲು ಇಳಿಬಿಟ್ಟು, ಎರಡೂ ತುದಿಯಿಂದ ಪಕ್ಕದ ಜಾಲರಿ ನೇಯುತ್ತ ನಡುವಿನತ್ತ ಸರಿಯುತ್ತಾರೆ. ಕೆಳಗೆ ನದಿ ಭೋರ್ಗರೆಯುತ್ತಿದೆ. ನೋಡುತ್ತ ನಿಂತ ನನ್ನ ಅಂಗಾಲು ಬೆವರುತ್ತಿದೆ.

ಈ ವಿದ್ಯೆ ಹಿಂದೆ ಇಲ್ಲಿ ಆಳಿದ ಇಂಕಾಗಳ ಕಾಲದ್ದು. ಅವರಿಗೆ ಕಬ್ಬಿಣ ಗೊತ್ತಿರಲಿಲ್ಲ, ಚಕ್ರದ ಗಾಡಿಯೂ ಇರಲಿಲ್ಲ. ಆದರೂ ಇಂದಿನ ಆರು ದೇಶಗಳಲ್ಲಿ ಹರಡಿರುವ ಅವರ ಹಾದಿಗಳ ಉದ್ದ 30,000 ಕಿಲೋಮೀಟರ್‌ಗೂ ಹೆಚ್ಚು. ಕಮರಿಗಳನ್ನು ದಾಟಿದ್ದು ಹಗ್ಗದ ಮೇಲೆ, ರಾಜ್ಯದ ಲೆಕ್ಕವಿಟ್ಟದ್ದು ದಾರದ ಗಂಟುಗಳಲ್ಲಿ. 1532ರಲ್ಲಿ ಸ್ಪ್ಯಾನಿಷರು ಬಂದಾಗ ಕುದುರೆಗಳಿಗೂ ಇಂಥ ಸೇತುವೆಗಳೇ ಗತಿ!

ಊಟದ ಹೊತ್ತಿಗೆ ನನ್ನ ಸಂಕಟ ಶುರು. ಹಬ್ಬದ ವಿಶೇಷ, ಇಡಿಯಾಗಿ ಸುಟ್ಟ ಗಿನಿ ಇಲಿ, ಹಲ್ಲು ಕಿರಿಯುತ್ತ ಮಲಗಿದೆ. ಸಸ್ಯಾಹಾರಿಯನ್ನು ಕಾಪಾಡಿದ್ದು ಆಲೂಗಡ್ಡೆ. ಅದರ ತವರೇ ಈ ಬೆಟ್ಟಸೀಮೆ. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ತುಳಿದು ನೀರು ತೆಗೆದು, ಬಿಸಿಲಲ್ಲಿ ಒಣಗಿಸಿದ ಚುನ್ಯೊ ವರ್ಷಗಟ್ಟಲೆ ಕೆಡುವುದಿಲ್ಲ. ಅಗಿಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು.

ಕೊನೆಯ ದಿನ ಕುಣಿತದ ಗದ್ದಲದ ನಡುವೆ ನನ್ನ ಸರದಿ. ಸುಮಾರು 28 ಮೀಟರ್ ಉದ್ದದ ಸೇತುವೆ ಹೆಜ್ಜೆಗೊಮ್ಮೆ ಓಲಾಡುತ್ತದೆ, ಹಸಿ ಹುಲ್ಲು ಘಮಘಮಿಸುತ್ತದೆ. ಪಕ್ಕದಲ್ಲೇ ವಾಹನಗಳಿಗೆಂದು ಲೋಹದ ಸೇತುವೆಯಿದೆ. ದಾಟಲು ಹುಲ್ಲಿನ ಸೇತುವೆಯೇ ಬೇಕೆಂದೇನಿಲ್ಲ. ಯುನೆಸ್ಕೊ 2013ರಲ್ಲಿ ಈ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಕೊರೊನಾದಿಂದಾಗಿ 2020ರಲ್ಲಿ ಹೊಸದನ್ನು ಕಟ್ಟಲಾಗದೆ, 2021ರ ಮಾರ್ಚ್‌ನಲ್ಲಿ ಹಳೆಯದು ಕಳಚಿ ಬಿತ್ತು. ಅದೇ ಜೂನ್‌ನಲ್ಲಿ ಊರವರು ಮತ್ತೆ ಕಟ್ಟಿದರು. ನೋಡುವ ಆಸೆಯಿದ್ದರೆ ಜೂನ್ ಎರಡನೇ ವಾರಕ್ಕೆ ಅಲ್ಲಿರಿ. ಆಗ ಅಲ್ಲಿ ಚಳಿಗಾಲ, ಉಣ್ಣೆಯ ಟೋಪಿ ಮರೆಯಬೇಡಿ.