ಹುಲಿಯುಗುರಿನ ಪದಕ

ನಮ್ಮ ಮನೆಯ ಹಳೆಯ ಬೆಳ್ಳಿಯ ಭರಣಿಯಲ್ಲಿ, ಎರಡು ಹುಲಿಯುಗುರುಗಳನ್ನು ಜೋಡಿಸಿ ಚಿನ್ನದ ಕಟ್ಟು ಹಾಕಿಸಿದ ಪದಕವೊಂದಿದ್ದಿತು. ಅದನ್ನು ಮಾಡಿಸಿದವರು ನನ್ನ ಪಿತಾಮಹರೆಂದು ಕೇಳಿಬಲ್ಲೆನು. ಬಾಲಗ್ರಹದ ಭೀತಿ ತೊಲಗುವುದೆಂದೂ ಮಗು ಧೈರ್ಯಶಾಲಿಯಾಗುವುದೆಂದೂ ನಂಬಿ, ತೊಟ್ಟಿಲಿಗೆ ಹಾಕುವ ದಿವಸ ಅದನ್ನು ಕೂಸಿನ ಕೊರಳಿಗೆ ಕಟ್ಟುವುದು ನಮ್ಮಲ್ಲಿ ವಾಡಿಕೆ. ನನ್ನ ತಂದೆಯವರು ಅದನ್ನು ಧರಿಸಿದ್ದರು, ನಾನು ಧರಿಸಿದ್ದೆನು, ನನ್ನ ಮಗನೂ ಮೊಮ್ಮಗನೂ ಧರಿಸಿದರು. ಅದು ಒಂದು ಜೀವದ ಅಂಗವೆಂಬ ಮಾತು ಯಾರಿಗೂ ಹೊಳೆದಿರಲಿಲ್ಲ.

2023ರ ಅಕ್ಟೋಬರಿನಲ್ಲಿ, ಇಂಥ ಪದಕ ಧರಿಸಿದವರ ಮೇಲೆ ಅರಣ್ಯ ಇಲಾಖೆಯವರು ಕ್ರಮ ಕೈಗೊಂಡ ವಾರ್ತೆ ನಾಡೆಲ್ಲ ಹಬ್ಬಿತು. ಎಂಟು ವರ್ಷದ ಮೊಮ್ಮಗನು ವೃತ್ತಪತ್ರಿಕೆಯ ಚಿತ್ರವನ್ನು ನೋಡಿ, “ತಾತ, ಹುಲಿಗೆ ಒಟ್ಟು ಎಷ್ಟು ಉಗುರು?” ಎಂದು ಕೇಳಿದನು. ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕುನಾಲ್ಕು, ಒಟ್ಟು 18 ಎಂದೆನು. ಉಪಾಧ್ಯಾಯನ ಮೊಮ್ಮಗನಲ್ಲವೆ? ಕೂಡಲೆ ಕಳೆದು ನೋಡಿ, “ನಮ್ಮಲ್ಲಿ ಎರಡೇ ಇವೆ. ಮಿಕ್ಕ 16 ಯಾರ ಮನೆಯಲ್ಲಿವೆ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಪಾಠಶಾಲೆಯಲ್ಲಿ ವಿದುರನೀತಿಯನ್ನು ಕಂಠಪಾಠ ಮಾಡಿದವನು ನಾನು. ಕಾಡನ್ನು ಹುಲಿಯೂ ಹುಲಿಯನ್ನು ಕಾಡೂ ಕಾಯುವುವೆಂಬ ಅಲ್ಲಿನ ಉಪಮಾನವನ್ನು ಎಷ್ಟೋ ಹುಡುಗರಿಗೆ ವಿವರಿಸಿದ್ದೇನೆ. ಅದು ಧೃತರಾಷ್ಟ್ರನಿಗೆ ಹೇಳಿದ ಮಾತೆಂದು ತಿಳಿದಿದ್ದೆನೇ ಹೊರತು, ನನ್ನ ಮನೆಯ ಭರಣಿಗೂ ತಗಲುವುದೆಂದು ಎಣಿಸಿರಲಿಲ್ಲ.

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಒಂಬತ್ತು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅಂಥದೇ ರಕ್ಷಣೆ ಪಡೆದಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ 2005ರ ವೇಳೆಗೆ ಒಂದು ಹುಲಿಯೂ ಉಳಿದಿರಲಿಲ್ಲ. 2009ರಲ್ಲಿ ಮಧ್ಯಪ್ರದೇಶದ ಪನ್ನಾಕ್ಕೂ ಅದೇ ಗತಿಯಾಯಿತು. ಕಾನೂನಿದ್ದಿತು, ಕಾವಲಿದ್ದಿತು. ಆದರೆ ಕಳ್ಳಬೇಟೆಗಾರನಿಗೆ ಬಂದೂಕದ ಸದ್ದೇ ಬೇಕಾಗಿಲ್ಲ. ಹುಲಿ ನಡೆಯುವ ಜಾಡಿನಲ್ಲಿ ಕಾಲನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬೋನನ್ನು ಹುದುಗಿಸಿಟ್ಟರೆ ಸಾಕು. ಬಳಿಕ ಚರ್ಮವೊಂದು ಕಡೆಗೆ, ಮೂಳೆಗಳು ಔಷಧದ ನೆಪದಲ್ಲಿ ಹೊರದೇಶಗಳಿಗೆ, ಉಗುರುಗಳು ನಮ್ಮಂಥವರ ಕೊರಳಿಗೆ. 2006ರಲ್ಲಿ ದೇಶದ ಹುಲಿಗಳು 1,411 ಎಂಬ ಅಂದಾಜಿದ್ದಿತು. 2022ರ ಗಣತಿಯಲ್ಲಿ ಅದು 3,682ಕ್ಕೆ ಏರಿತು, ಕರ್ನಾಟಕದ ಪಾಲು 563. ಸಂತೋಷವೇ ಸರಿ, ಆದರೆ ಸರಿಸ್ಕಾವನ್ನು ನೆನೆಯುವವನು ಅಂಕೆಗಳನ್ನು ನಂಬಿ ನಿಶ್ಚಿಂತನಾಗಿರಲಾರನು. ಬೋನನ್ನು ಇಡುವವನು ಬಡವನಿರಬಹುದು. ಅವನಿಗೆ ಕೂಲಿ ಹುಟ್ಟುವುದು ಕೊಳ್ಳುವವರ ಆಸೆಯಿಂದ.

1972ರ ಕಾಯಿದೆ ಬಂದಾಗ ಇಂಥ ವಸ್ತುಗಳನ್ನು ಸರ್ಕಾರಕ್ಕೆ ತಿಳಿಸಬೇಕಾಗಿದ್ದಿತು. ನಮ್ಮ ಮನೆಯವರು ತಿಳಿಸಿರಲಿಲ್ಲ. 2024ರ ಆದಿಯಲ್ಲಿ, ಅವನ್ನು ಒಪ್ಪಿಸಲು ಸರ್ಕಾರವು ಅವಕಾಶ ಕೊಟ್ಟಿತು. ಮಿತ್ರರೊಬ್ಬರು, “ಬಹುಪಾಲು ದನದ ಕೊಂಬಿನಿಂದ ಮಾಡಿದವು ಸ್ವಾಮಿ, ನಿಮ್ಮದೂ ಹಾಗೆಯೇ ಇರಬಹುದು, ಸುಮ್ಮನಿರಿ” ಎಂದರು. ಕೊಂಬಿನದೇ ಆಗಲಿ, ಅದನ್ನು ಕಂಡು ನಿಜವಾದುದನ್ನು ಬಯಸುವವನು ಒಬ್ಬನಿದ್ದರೆ ಒಂದು ಹುಲಿಗೆ ಸಾಕಲ್ಲವೆ?

ಕಷ್ಟವಾದುದು ಮನೆಯಾಕೆಯನ್ನು ಒಪ್ಪಿಸುವುದು. “ಹಿರಿಯರದನ್ನು ಹೊಸ್ತಿಲು ದಾಟಿಸುವುದೆ?” ಎಂದು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ತಾನೇ ಅದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಕೈಗಿತ್ತಳು. ಅರಣ್ಯ ಇಲಾಖೆಯ ಕಚೇರಿಯ ಮೇಜಿನ ಮೇಲೆ ಅದನ್ನಿಟ್ಟಾಗ, ತಂದೆಯವರ ಮುಖವೂ ನೆನಪಾಯಿತು, ಎಂದೂ ಕಾಣದ ಆ ಹುಲಿಯೂ ನೆನಪಾಯಿತು. ಇಬ್ಬರಲ್ಲಿಯೂ ಮನಸ್ಸಿನಲ್ಲೇ ಕ್ಷಮೆ ಬೇಡಿದೆನು.

ಮುಂದೆ ಹುಟ್ಟುವ ಕೂಸಿಗೆ ಕರಿಯ ದಾರವೇ ಸಾಕೆಂದು ಈಗ ಆಕೆಯೇ ಹೇಳುತ್ತಾಳೆ. ಮೊಮ್ಮಗನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಮಿಕ್ಕ 16 ಎಲ್ಲಿವೆಯೋ ನಾನರಿಯೆನು. ವಾಚಕರು ತಮ್ಮ ಮನೆಯ ಭರಣಿಯನ್ನು ಒಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥಿಸುತ್ತೇನೆ.