ನಾಲ್ಕು ಗುಂಟೆ ಜಾಗ

ಸಕಲೇಶಪುರದಲ್ಲಿ ಸಮತಟ್ಟಾದ ನೆಲಕ್ಕೆ ಬರ. ಒಂದೆಡೆ ಗುಡ್ಡ, ಇನ್ನೊಂದೆಡೆ ಹೇಮಾವತಿ. ಹಾಗಾಗಿ ನಮ್ಮ ಬೀದಿಯಲ್ಲಿ ಉಳಿದಿರುವ ನಾಲ್ಕು ಗುಂಟೆ ಸಾರ್ವಜನಿಕ ಜಾಗದ ಮೇಲೆ ಎಲ್ಲರ ಕಣ್ಣು. ಮಳಿಗೆ ಕಟ್ಟಿದರೆ ಬಾಡಿಗೆ ಬರುತ್ತದೆ ಎನ್ನುತ್ತಾರೆ ಕೆಲವರು. ಸಮುದಾಯ ಭವನ ಬೇಕೆನ್ನುತ್ತಾರೆ ಇನ್ನು ಕೆಲವರು. ನಮ್ಮವರಿಗೆ ಶಾದಿಮಹಲಿನ ಆಸೆ. ಯಾವುದೂ ಕೆಟ್ಟ ಬೇಡಿಕೆಯಲ್ಲ. ತೊಡಕಿರುವುದೇ ಅಲ್ಲಿ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡಲಾಗಿತ್ತು. ನಿವಾಸಿಗಳು ಪ್ರಶ್ನಿಸಿದರು. ಆಸ್ಪತ್ರೆ ಯಾರಿಗೆ ಬೇಡ? ಆದರೂ 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದಿತು. ನಮ್ಮ ಜಾಗವಾದರೋ ನಕ್ಷೆಯಲ್ಲಿ ಉದ್ಯಾನವೆಂದು ಗುರುತಾಗಿಲ್ಲ. ಅದನ್ನು ಉಳಿಸುವ ಹೊಣೆ ನಮ್ಮ ಮೇಲೆಯೇ ಇದೆ.

ಮೊದಲು ಆ ನೆಲ ಈಗ ಮಾಡುತ್ತಿರುವ ಕೆಲಸದ ಲೆಕ್ಕ ಹಾಕೋಣ. ಮಳೆಗಾಲದಲ್ಲಿ ಮೇಲಿನ ಮನೆಗಳ ನೀರು ಅಲ್ಲಿ ಇಂಗುತ್ತದೆ. ಸಂಜೆ ಮಕ್ಕಳು ಆಡುತ್ತಾರೆ. ಆಲೂರು ಕಡೆಯಿಂದ ಸಂತೆಗೆ ಬಂದವರು ಮರದಡಿ ಕೂರುತ್ತಾರೆ. ಕಟ್ಟಡ ಎದ್ದರೆ ನೀರು ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಅಲ್ಲಿರುವವರು ತೋಟದ ಕೂಲಿಯವರು. ಹಗಲಿನ ಸಭೆಗೆ ಬರಲಾರದವರು.

ಆದ್ದರಿಂದ ಸರ್ವೆ ಮಾಡಿಸಿ ಗಡಿಕಲ್ಲು ನೆಡಲಿ, ಚರಂಡಿ ಸರಿಯಾಗಲಿ, ಮರ ಉಳಿಯಲಿ, ಕಟ್ಟಡ ಬೇಡ. ಸಭೆಯನ್ನು ಕೂಲಿ ಮುಗಿದ ಮೇಲೆ ಕರೆಯಲಿ. ಅಲ್ಲಿ ಶಾದಿಮಹಲಿನ ಬೇಡಿಕೆಯನ್ನು ನಾವೇ ಮೊದಲು ಹಿಂತೆಗೆದುಕೊಳ್ಳೋಣ. ಮಳಿಗೆ ಬೇಡವೆಂದು ಇತರರಿಗೆ ಹೇಳುವ ನೈತಿಕ ಬಲ ಆಗ ಮಾತ್ರ ನಮಗೆ ಬರುತ್ತದೆ.